ಮೊದಲು ಬಲೆ, ಆಮೇಲೆ ಸ್ಟ್ರಾ

ಪತ್ರ: "ಕಡಲಾಮೆಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಬಲೆ, ಪ್ಲಾಸ್ಟಿಕ್, ದೀಪ, ಬಂದರು, ಮೊಟ್ಟೆ ಕಳ್ಳತನ, ಬಿಸಿಯಾಗುತ್ತಿರುವ ಭೂಮಿ ಎಂದು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದೀರಿ. ಸ್ಟ್ರಾ ಮೂಗಿಗೆ ಸಿಕ್ಕಿಕೊಂಡ ಆಮೆಯ ವಿಡಿಯೊ ನೋಡಿದಾಗಿನಿಂದ ನಮ್ಮ ಶಾಲೆಯ ಮಕ್ಕಳು ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತಿದ್ದಾರೆ. ಇದರಿಂದ ಆಮೆ ಉಳಿಯುತ್ತದೆಯೇ? ಮೊದಲು ಮಾಡಬೇಕಾದ್ದು ಯಾವುದು ಅಂತ ಒಂದೇ ಮಾತಲ್ಲಿ ಹೇಳಿ."
– ಕುಂದಾಪುರ ಕಡೆಯ ಶಿಕ್ಷಕರೊಬ್ಬರು

ಸಂಪಾದಕರ ಉತ್ತರ:

ಮೇಷ್ಟ್ರೇ, ಒಂದೇ ಮಾತಲ್ಲಿ ಹೇಳಬೇಕೆಂದರೆ, ಬಲೆ. ಯಾಕೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಜಾಗ ಬೇಕು.

ಆಮೆಗೆ ಮೀನಿನ ಹಾಗೆ ಕಿವಿರಿಲ್ಲ. ಆಗಾಗ ನೀರಿನ ಮೇಲೆ ಬಂದು ಉಸಿರೆಳೆದುಕೊಳ್ಳಲೇಬೇಕು. ಟ್ರಾಲ್ ಬೋಟು ಬಲೆಯನ್ನು ಗಂಟೆಗಟ್ಟಲೆ ಎಳೆಯುತ್ತದೆ. ಒಳಗೆ ಸಿಕ್ಕಿದ ಆಮೆ ಉಸಿರುಕಟ್ಟಿ ಸಾಯುತ್ತದೆ. ಅದನ್ನು ಕೊಂದು ಬೋಟಿನವರಿಗೆ ಸಿಗುವ ಲಾಭ ಏನೂ ಇಲ್ಲ.

ಹೀಗೆ ಸಾಯುವ ಆಮೆಯ ವಯಸ್ಸನ್ನು ನೋಡಿ. ನಮ್ಮ ದಂಡೆಗೆ ಬರುವ ಆಲಿವ್ ರಿಡ್ಲೆ ಒಂದು ಸಲಕ್ಕೆ ಸುಮಾರು 100 ಮೊಟ್ಟೆ ಇಡುತ್ತದೆ. ಸಾವಿರ ಮರಿಗಳಲ್ಲಿ ಒಂದು ದೊಡ್ಡದಾದರೆ ಹೆಚ್ಚು ಎನ್ನುತ್ತಾರೆ. ಅದು ಮೊಟ್ಟೆ ಇಡುವ ಹಂತಕ್ಕೆ ಬರಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟೆಲ್ಲ ದಾಟಿ ಬಂದ ಹೆಣ್ಣಾಮೆ ಬಲೆಯಲ್ಲಿ ಹೋದರೆ, ಆ ನಷ್ಟ ತುಂಬಲು ಎಷ್ಟು ಗೂಡು ಕಾಯಬೇಕು, ಲೆಕ್ಕ ಹಾಕಿ.

ಈ ಲೆಕ್ಕವನ್ನು 1987ರಲ್ಲಿ ವಿಜ್ಞಾನಿ ಡೆಬೊರಾ ಕ್ರೌಸ್ ಮತ್ತು ಜೊತೆಗಾರರು ಅಮೆರಿಕದ ಲಾಗರ್‌ಹೆಡ್ ಆಮೆಗಳ ಮೇಲೆ ಮಾಡಿ ತೋರಿಸಿದರು. ಗೂಡಿನಲ್ಲಿ ಒಂದು ಮೊಟ್ಟೆಯೂ ಹಾಳಾಗದಂತೆ ಕಾಯ್ದರೂ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಬೆಳೆದ ಮತ್ತು ಬೆಳೆಯುತ್ತಿರುವ ಆಮೆಗಳ ಸಾವು ತಗ್ಗಿದರೆ ಮಾತ್ರ ಏರುತ್ತದೆ ಎಂದು ಅವರಿಗೆ ಕಂಡಿತು. ಮೆಕ್ಸಿಕೊದ ಕೆಂಪ್ಸ್ ರಿಡ್ಲೆ ಆಮೆಯ ಕಥೆಯೂ ಹೀಗೇ. ಅಲ್ಲಿ 1966ರಿಂದಲೇ ದಂಡೆಗೆ ಕಾವಲಿತ್ತು. ಆದರೂ 1985ರ ಹೊತ್ತಿಗೆ ಉಳಿದದ್ದು ಸುಮಾರು 700 ಗೂಡು. ಸಿಗಡಿ ಬಲೆಗಳಿಗೆ ಟಿಇಡಿ ಕಡ್ಡಾಯವಾದ ಮೇಲೆ ಸಂಖ್ಯೆ ಮೇಲಕ್ಕೆ ಬಂತು. ಟಿಇಡಿ ಅಂದರೆ ಬಲೆಯೊಳಗೆ ಕೂರಿಸುವ ಕಂಬಿಗಳ ಚೌಕಟ್ಟು. ಸಿಗಡಿ ಕಂಬಿಯ ನಡುವೆ ನುಸುಳಿ ಹಿಂದಕ್ಕೆ ಹೋಗುತ್ತದೆ, ಆಮೆ ಕಂಬಿಗೆ ತಾಗಿ ಮೇಲೆ ಅಥವಾ ಕೆಳಗೆ ಬಿಟ್ಟ ಬಾಯಿಂದ ಹೊರಬೀಳುತ್ತದೆ.

ಹಾಗಂತ ಗೂಡು ಕಾಯುವುದು ದಂಡ ಅಂದುಕೊಳ್ಳಬೇಡಿ. ಮಲೇಷ್ಯಾದ ತೆರೆಂಗಾನು ತೀರದಲ್ಲಿ 1950ರ ದಶಕದಲ್ಲಿ ಲೆದರ್‌ಬ್ಯಾಕ್ ಆಮೆಗಳ ಸಾವಿರಾರು ಗೂಡು ಇರುತ್ತಿದ್ದವು. ಮೊಟ್ಟೆಗಳನ್ನೆಲ್ಲ ವರ್ಷಗಟ್ಟಲೆ ಅಗೆದು ಮಾರಿದರು, ಜೊತೆಗೆ ಬಲೆಗಳ ಕಾಟ. ಈಗ ಅಲ್ಲಿ ಲೆದರ್‌ಬ್ಯಾಕ್ ಕಾಣಿಸಿದರೆ ಅದೇ ಸುದ್ದಿ. ಊರೂರಿಗೆ ಪಟ್ಟಿಯ ಕ್ರಮ ಬದಲಾಗುತ್ತದೆ, ಮೇಷ್ಟ್ರೇ.

ನಮ್ಮಲ್ಲಿ ಒಂದು ವಿಚಿತ್ರ ಇದೆ. ಒಡಿಶಾದಲ್ಲಿ ಧಾಮ್ರಾ, ದೇವಿ, ಋಷಿಕುಲ್ಯಾ ನದೀಮುಖಗಳ ಹತ್ತಿರ ನವೆಂಬರ್ 1ರಿಂದ ಮೇ 31ರವರೆಗೆ ಮೀನುಗಾರಿಕೆಗೆ ತಡೆ ಇದೆ. ಅದು ಆಮೆಗಾಗಿಯೇ ಮಾಡಿದ್ದು. ನಮ್ಮ ಕರಾವಳಿಯ ನಿಷೇಧ ಜೂನ್ 1ರಿಂದ ಜುಲೈ 31. ಅದು ಮೀನಿನ ಸಂತಾನಕ್ಕೆ. ಆಮೆ ನಮ್ಮ ದಡ ಹತ್ತುವುದು ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ. ಆಗ ಬೋಟುಗಳೆಲ್ಲ ಕಡಲಲ್ಲೇ ಇರುತ್ತವೆ. ಇಲ್ಲೂ ಏಳು ತಿಂಗಳು ಬೋಟು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಒಡಿಶಾದ ಹಾಗೆ ಇಲ್ಲಿ ಲಕ್ಷಗಟ್ಟಲೆ ಆಮೆ ಒಂದೇ ಕಡೆ ಸೇರುವುದಿಲ್ಲ, ಮೀನುಗಾರರ ಮನೆಯೂ ನಡೆಯಬೇಕಲ್ವಾ? ಮಹಾರಾಷ್ಟ್ರ 2018ರಲ್ಲಿ ಒಳ್ಳೆಯ ದಾರಿ ಹಿಡಿಯಿತು. ಸಂರಕ್ಷಿತ ಪ್ರಾಣಿಯನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ ಅದು. ನನ್ನ ಕೇಳಿದರೆ, ಹತ್ತು ಜಾಗೃತಿ ಜಾಥಾಗಳಿಗಿಂತ ಇದು ಮೇಲು.

ಬಲೆಯ ನಂತರ ನಾನು ಇಡುವುದು ದಂಡೆಯನ್ನು. ಕಡಲ್ಕೊರೆತಕ್ಕೆ ಕಲ್ಲು ಸುರಿದ ಕಡೆ ಆಮೆಗೆ ಗುಂಡಿ ತೋಡಲು ಮರಳೇ ಸಿಗದು. ರೆಸಾರ್ಟಿನ ದೀಪ ನೋಡಿ ಮರಿಗಳು ಕಡಲು ಬಿಟ್ಟು ಊರಿನ ಕಡೆ ಹರಿಯುತ್ತವೆ. ಗೂಡು ಅಗೆಯುವ ಬೀದಿನಾಯಿಗಳು ಬೇರೆ. ಬಿಸಿಯ ವಿಷಯ ದೊಡ್ಡದು: ಮರಳು ಹೆಚ್ಚು ಕಾದರೆ ಹುಟ್ಟುವುದೆಲ್ಲ ಹೆಣ್ಣು. ಆದರೆ ಅದು ನಿಮ್ಮ ಶಾಲೆಯ ಕೈಗೆ ಸಿಗುವ ಕೆಲಸ ಅಲ್ಲ.

ಸ್ಟ್ರಾ ವಿಡಿಯೊ 2015ರಲ್ಲಿ ಕೋಸ್ಟರಿಕಾದಲ್ಲಿ ತೆಗೆದದ್ದು. ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ನಿಜ. ಬಲೆಯೊಳಗಿನ ಸಾವನ್ನು ಯಾರೂ ಹಾಗೆ ವಿಡಿಯೊ ಮಾಡುವುದಿಲ್ಲ, ಅದಕ್ಕೇ ಸ್ಟ್ರಾ ಇಷ್ಟು ಹೆಸರು ಮಾಡಿತು. ಮಕ್ಕಳು ಹೆಕ್ಕುವುದನ್ನು ನಿಲ್ಲಿಸಬೇಡಿ. ಆದರೆ ಇನ್ನು ಮುಂದೆ ಚೀಲಕ್ಕೆ ಮೊದಲು ಬಲೆಯ ತುಂಡು, ನೈಲಾನ್ ಹಗ್ಗ ಬೀಳಲಿ. ಕಡಲಿಗೆ ವಾಪಸ್ ಹೋದರೆ ಅವು ಯಾರೂ ಎಳೆಯದಿದ್ದರೂ ಆಮೆ ಹಿಡಿಯುತ್ತವೆ. ಸತ್ತ ಆಮೆ ದಡಕ್ಕೆ ಬಂದಿದ್ದರೆ ಮಕ್ಕಳು ಮುಟ್ಟುವುದು ಬೇಡ. ದಿನ, ಜಾಗ, ಫೋಟೊ, ಕುತ್ತಿಗೆಯಲ್ಲೋ ಕಾಲಲ್ಲೋ ಬಲೆಯ ಗುರುತು ಇದೆಯೇ ಅನ್ನುವುದು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅರಣ್ಯ ಇಲಾಖೆಗೂ ತಿಳಿಸಿ. ನಾಲ್ಕೈದು ವರ್ಷ ಬಿಡದೆ ಬರೆದರೆ ನಿಮ್ಮ ಊರಿನ ಪಟ್ಟಿಯಲ್ಲಿ ಮೊದಲು ಯಾವುದು ಬರಬೇಕು ಎಂದು ನೀವೇ ನನಗೆ ಪತ್ರ ಬರೆಯಬಹುದು. ಅಚ್ಚು ಹಾಕುವುದು ನಮ್ಮ ಜವಾಬ್ದಾರಿ.