ಎಂ4 ಕಾರಿಗೆ ಕಾರ್ಬನ್ ಸೆರಾಮಿಕ್ ಬ್ರೇಕ್: ಹಾಕಿಸಬೇಕೆ, ಹಾಕಿಸಿದರೆ ಏನೇನು ಬದಲಾಗಬೇಕು?

ನಿಮ್ಮ ಪ್ರಶ್ನೆ ಹೀಗಿದೆ: ಬೆಂಗಳೂರಿನಲ್ಲಿರುವ 2016ರ ಬಿಎಂಡಬ್ಲ್ಯು ಎಂ4 (ಮಾದರಿ ಸಂಕೇತ ಎಫ್82), ಈಗ ಇರುವುದು ಕಬ್ಬಿಣದ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಬಿಲ್ಲೆ), ಅದಕ್ಕೆ ಪ್ಯಾಡ್‌ಗಳನ್ನು ಒತ್ತುವ ನೀಲಿ ಕ್ಯಾಲಿಪರ್. ವರ್ಷಕ್ಕೆ ಮೂರ್ನಾಲ್ಕು ಸಲ ಚೆನ್ನೈ ಅಥವಾ ಕೊಯಮತ್ತೂರಿನ ಟ್ರ್ಯಾಕ್‌ಗೆ ಹೋಗುತ್ತೀರಿ, ಅಲ್ಲಿ ಐದಾರು ಸುತ್ತಿಗೆ ಬ್ರೇಕ್ ಕೈಕೊಡುತ್ತಿದೆ. ಜರ್ಮನಿಯಿಂದ ಬಳಸಿದ ಸೆರಾಮಿಕ್ ಸೆಟ್ ಸಿಗುತ್ತಿದೆ, ತರಿಸಲೇ?

ಟ್ರ್ಯಾಕ್‌ನ ತೊಂದರೆಗೆ ಪರಿಹಾರವಾಗಿ ಆದರೆ ತರಿಸಬೇಡಿ. ಹೆದ್ದಾರಿ, ಘಟ್ಟದ ರಸ್ತೆ, ಹಗುರವಾದ ಸ್ಟಿಯರಿಂಗ್, ಬ್ರೇಕ್ ಪುಡಿಯಿಂದ ಕಪ್ಪಾಗದ ವೀಲ್ ಬೇಕು ಅನ್ನುವುದಾದರೆ ಅದು ಬಹಳ ಒಳ್ಳೆಯ ವಸ್ತು.

ಮೊದಲು ಕೈಕೊಡುತ್ತಿರುವುದು ಯಾವುದು ಅಂತ ನೋಡಿ. ಪೆಡಲ್ ಮೆತ್ತಗಾಗಿ ಒಳಗೆ ಇಳಿಯುತ್ತಿದ್ದರೆ ಬ್ರೇಕ್ ಫ್ಲೂಯಿಡ್ (ಪೆಡಲ್‌ನ ಒತ್ತಡವನ್ನು ಕ್ಯಾಲಿಪರ್‌ಗೆ ಮುಟ್ಟಿಸುವ ದ್ರವ) ಕುದಿಯುತ್ತಿದೆ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ತಾಪದ ಮಿತಿ ದಾಟಿದೆ. ಎರಡಕ್ಕೂ ಮದ್ದು ಡಿಸ್ಕ್ ಅಲ್ಲ. ಮಾಮೂಲಿ ಡಾಟ್ 4 ಫ್ಲೂಯಿಡ್ ತೇವ ಹೀರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್‌ನಂಥದ್ದು ತೇವ ಹೀರಿದ ಮೇಲೂ 270 ಡಿಗ್ರಿ ತಾಳುತ್ತದೆ. ಅದರ ಜೊತೆ ಫೆರೋಡೊ ಡಿಎಸ್2500 ತರಹದ ಪ್ಯಾಡ್ ಹಾಕಿ ಒಂದು ಟ್ರ್ಯಾಕ್ ದಿನ ಓಡಿಸಿ ನೋಡಿ. ನಿಮ್ಮ ದೂರಿನ ಬಹುಪಾಲು ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅಂದಾಜು.

ಸೆರಾಮಿಕ್ ಹಾಕಿದರೆ ನಿಲ್ಲುವ ದೂರ ಕಡಿಮೆಯಾಗುತ್ತದೆ ಎಂಬ ನಂಬಿಕೆಯೂ ತಪ್ಪು. ನಿಮ್ಮ ಕಬ್ಬಿಣದ ಬ್ರೇಕೇ ಎಬಿಎಸ್ (ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಬಲವಾಗಿ ಹಿಡಿಯುತ್ತದೆ, ಅಲ್ಲಿಂದಾಚೆಗೆ ದೂರ ನಿರ್ಧರಿಸುವುದು ಟೈರು.

ಇನ್ನು ವಸ್ತುವಿನ ಗುಣ. ಇದು ಫಾರ್ಮುಲಾ 1ರ ಕಾರ್ಬನ್-ಕಾರ್ಬನ್ ಡಿಸ್ಕ್ ಅಲ್ಲ. ಕತ್ತರಿಸಿದ ಕಾರ್ಬನ್ ನಾರನ್ನು ರಾಳದೊಂದಿಗೆ ಅಚ್ಚಿಗೆ ಒತ್ತಿ, ಗಾಳಿ ತಾಗದಂತೆ ಸುಟ್ಟು, ಕರಗಿದ ಸಿಲಿಕಾನ್ ಕುಡಿಸಿ ಮಾಡಿದ ಸಿಲಿಕಾನ್ ಕಾರ್ಬೈಡ್. ಹಾಗಾಗಿ ತಣ್ಣಗಿರುವಾಗಲೂ ಹಿಡಿಯುತ್ತದೆ. ಸಾಂದ್ರತೆ ಘನ ಸೆಂಟಿಮೀಟರ್‌ಗೆ ಸುಮಾರು 2.4 ಗ್ರಾಂ, ಎರಕದ ಕಬ್ಬಿಣದ್ದು 7.2. ತೂಕಕ್ಕೆ ತೂಕ ಹೋಲಿಸಿದರೆ ಸೆರಾಮಿಕ್ ಹೆಚ್ಚು ಶಾಖ ಹಿಡಿಯುತ್ತದೆ, ಆದರೆ ಅದೇ ಗಾತ್ರದ ಡಿಸ್ಕ್ ತೆಗೆದುಕೊಂಡರೆ ಕಬ್ಬಿಣದ ಸುಮಾರು ಅರ್ಧದಷ್ಟು ಮಾತ್ರ. ಅಂದರೆ ಹಗುರವಾದ ಈ ಡಿಸ್ಕ್ ಬೇಗ ಹೆಚ್ಚು ಬಿಸಿಯಾಗುತ್ತದೆ. ಅದಕ್ಕೇ ಅದನ್ನು ದೊಡ್ಡದಾಗಿ ಮಾಡುತ್ತಾರೆ. ನಿಮ್ಮ ಕಾರಿನಲ್ಲೇ ನೋಡಿ, ಡಿಸ್ಕ್‌ನ ವ್ಯಾಸ ಕಬ್ಬಿಣದ್ದು ಮುಂದೆ 380, ಹಿಂದೆ 370 ಮಿಮೀ. ಸೆರಾಮಿಕ್ 400 ಮತ್ತು 380. ಟ್ರ್ಯಾಕ್‌ನಲ್ಲಿ ಸುತ್ತು ಸುತ್ತಿಗೂ ಕಾದು ಕೆಂಪಗಾದಾಗ ಒಳಗಿನ ಕಾರ್ಬನ್ ನಾರು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಸುಟ್ಟುಹೋಗುತ್ತದೆ. ದಪ್ಪ ಹಾಗೇ ಇರುತ್ತದೆ, ಒಳಗೆ ಟೊಳ್ಳಾಗುತ್ತದೆ. ರಸ್ತೆಯಲ್ಲಿ ಬಹುಕಾಲ ಬಾಳುವ ಡಿಸ್ಕ್ ಟ್ರ್ಯಾಕ್‌ನಲ್ಲಿ ಬೇಗ ಮುಗಿಯುವುದು ಇದರಿಂದ. ಪೋರ್ಷೆ 911 ಜಿಟಿ3ಯನ್ನು ಟ್ರ್ಯಾಕ್‌ನಲ್ಲೇ ಹೆಚ್ಚು ಓಡಿಸುವ ಅನೇಕರು ಸೆರಾಮಿಕ್ ಬಿಚ್ಚಿಟ್ಟು ಕಬ್ಬಿಣ ಹಾಕಿಕೊಳ್ಳುವುದೂ ಇದೇ ಕಾರಣಕ್ಕೆ. ಜೊತೆಗೆ ಒಮ್ಮೆ ಜಲ್ಲಿಗೆ ಇಳಿದು ಕ್ಯಾಲಿಪರ್ ಮತ್ತು ಡಿಸ್ಕ್ ನಡುವೆ ಕಲ್ಲು ಸಿಕ್ಕಿದರೆ ಲಕ್ಷಗಟ್ಟಲೆ ಬೆಲೆಯ ಡಿಸ್ಕ್ ಹಾಳು.

ಇಷ್ಟಾದ ಮೇಲೂ ಬೇಕು ಎಂದರೆ, ಬಳಸಿದ ಸೆಟ್ ಕೊಳ್ಳುವಾಗ ಫೋಟೊ ನಂಬಬೇಡಿ. ವರ್ನಿಯರ್ ಅಳತೆಯೂ ಸಾಲದು, ಮೇಲೆ ಹೇಳಿದ ಹಾಗೆ ಸವೆತ ದಪ್ಪದಲ್ಲಿ ಕಾಣುವುದಿಲ್ಲ. ಡಿಸ್ಕ್‌ನ ಅಲ್ಯೂಮಿನಿಯಂ ಬೆಲ್ (ನಡುವಿನ ಟೋಪಿಯಂಥ ಭಾಗ) ಮೇಲೆ ಕೆತ್ತಿರುವ ಅಂಕಿಗಳ ಫೋಟೊ ಕೇಳಿ. ಕನಿಷ್ಠ ತೂಕ ಕೆತ್ತಿದ್ದರೆ ತೊಳೆದು ಪೂರ್ತಿ ಒಣಗಿಸಿದ ಡಿಸ್ಕನ್ನು ತೂಗಿಸಿ ಹೋಲಿಸಿ. ಇನ್ನೂ ಒಳ್ಳೆಯದೆಂದರೆ ಕಾರ್ಬೋಟೆಕ್ ಉಪಕರಣದ ಅಳತೆಯ ವರದಿ: ಡಿಸ್ಕ್‌ನೊಳಗೆ ಎಷ್ಟು ಕಾರ್ಬನ್ ಉಳಿದಿದೆ ಎಂಬುದನ್ನು ಅದು ಬಿಚ್ಚದೆಯೇ ಹೇಳುತ್ತದೆ. ಅಂಚು ಎಲ್ಲಿಯೂ ಚಕ್ಕೆ ಎದ್ದಿರಬಾರದು, ಮೇಲ್ಮೈ ಒರಟಾಗಿ ನಾರು ಎದ್ದು ಕಾಣಬಾರದು. ವರದಿ ಕೊಡಲು ಒಪ್ಪದ ಮಾರಾಟಗಾರನನ್ನು ಬಿಟ್ಟುಬಿಡಿ.

ಸೆಟ್ ಎಂದರೆ ಇಷ್ಟೂ ಇರಬೇಕು: ನಾಲ್ಕು ಡಿಸ್ಕ್, ಮುಂದಿನ ಆರು ಪಿಸ್ಟನ್ ಮತ್ತು ಹಿಂದಿನ ನಾಲ್ಕು ಪಿಸ್ಟನ್ ಕ್ಯಾಲಿಪರ್‌ಗಳು (ಚಿನ್ನದ ಬಣ್ಣದವು), ಸೆರಾಮಿಕ್‌ಗೇ ಮಾಡಿದ ಪ್ಯಾಡ್, ಪ್ಯಾಡ್ ಸೆನ್ಸರ್, ಡಿಸ್ಕ್ ಹಿಂದಿನ ತಗಡಿನ ಕವಚ, ಹೊಸ ಕ್ಯಾಲಿಪರ್ ಬೋಲ್ಟ್‌ಗಳು. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಭಾಗ) ಮತ್ತು ಹೋಸ್‌ಗಳಿಗೆ ಸೆರಾಮಿಕ್ ಇರುವ ಹಾಗೂ ಇಲ್ಲದ ಎಂ4ಗಳ ಪಾರ್ಟ್ ನಂಬರ್ ಹೋಲಿಸಿ, ಬೇರೆಯಾಗಿದ್ದರೆ ಅವನ್ನೂ ತರಿಸಿ. ಕಬ್ಬಿಣಕ್ಕೆ ಮಾಡಿದ ಪ್ಯಾಡನ್ನು ಸೆರಾಮಿಕ್ ಡಿಸ್ಕ್ ಮೇಲೆ ಒಂದು ದಿನವೂ ಓಡಿಸಬೇಡಿ. ಬರೀ ಮುಂದಿನದನ್ನು ಬದಲಿಸುವ ಯೋಚನೆಯೂ ಬೇಡ. ಆಡಿ ಆರ್‌ಎಸ್3ಗೆ ಮುಂದೆ ಮಾತ್ರ ಸೆರಾಮಿಕ್ ಬರುತ್ತದಲ್ಲ ಎನ್ನಬಹುದು. ಅಲ್ಲಿ ಕಾರ್ಖಾನೆಯೇ ಮುಂದು-ಹಿಂದಿನ ಸಮತೋಲ ಲೆಕ್ಕ ಹಾಕಿ ಕೊಟ್ಟಿದೆ. ನಿಮ್ಮ ಕಾರಿನಲ್ಲಿ ಆ ಲೆಕ್ಕ ನಾಲ್ಕೂ ಚಕ್ರಕ್ಕೆ ಸೇರಿದ್ದು.

ವೀಲ್ 19 ಇಂಚಿನದೇ ಇರಬೇಕು. ಟ್ರ್ಯಾಕ್‌ಗೆಂದು 18 ಇಂಚಿನದು ಇಟ್ಟುಕೊಂಡಿದ್ದರೆ ಅದು ಇನ್ನು ಕೂರುವುದಿಲ್ಲ. ಬೇರೆ ಕಂಪನಿಯ 19 ಇಂಚಾದರೆ ಸ್ಪೋಕ್‌ನ ಒಳಬದಿ ಕ್ಯಾಲಿಪರ್‌ಗೆ ತಾಗುತ್ತದೆಯೇ ಎಂದು ಕೈಯಿಂದ ತಿರುಗಿಸಿ ನೋಡಿ.

ಜೋಡಣೆಯಲ್ಲಿ ಹೆಚ್ಚು ಡಿಸ್ಕ್ ಹಾಳಾಗುವುದು ವೀಲ್ ಬಿಚ್ಚಿ ಹಾಕುವಾಗ. ಬಿಎಂಡಬ್ಲ್ಯುನಲ್ಲಿ ವೀಲ್ ನೇತುಹಾಕಲು ಚಾಚಿಕೊಂಡಿರುವ ಸ್ಟಡ್ ಇಲ್ಲ, ಬೋಲ್ಟ್. ಕೊನೆಯ ಬೋಲ್ಟ್ ಬಿಚ್ಚುತ್ತಿದ್ದಂತೆ ವೀಲ್ ಜಾರಿ ಡಿಸ್ಕ್‌ನ ಅಂಚಿಗೆ ಬಡಿದರೆ ಚಕ್ಕೆ ಏಳುತ್ತದೆ. ಎಂ14×1.25 ಅಳತೆಯ ಎರಡು ಗೈಡ್ ಪಿನ್ ತೆಗೆದುಕೊಂಡು, ಎರಡು ಬೋಲ್ಟ್‌ನ ಜಾಗದಲ್ಲಿ ತಿರುಗಿಸಿ, ವೀಲನ್ನು ಅವುಗಳ ಮೇಲೆಯೇ ನೇರವಾಗಿ ಎಳೆದು ತೆಗೆಯಿರಿ, ಹಾಗೇ ನೇರವಾಗಿ ತಳ್ಳಿ ಕೂರಿಸಿ. ಬೋಲ್ಟ್ ಬಿಗಿತ 140 ನ್ಯೂಟನ್ ಮೀಟರ್. ಪಿನ್‌ಗಳು ಡಿಕ್ಕಿಯಲ್ಲೇ ಇರಲಿ, ಪಂಕ್ಚರ್ ಅಂಗಡಿಯವರಿಗೂ ಅದನ್ನೇ ಕೊಡಿ.

ಹಬ್ (ಡಿಸ್ಕ್, ವೀಲ್ ಕೂರುವ ನಡುಭಾಗ) ಮುಖದ ತುಕ್ಕು ಪೂರ್ತಿ ಉಜ್ಜಿ ತೆಗೆದ ಮೇಲೆಯೇ ಡಿಸ್ಕ್ ಕೂರಿಸಿ. ಎಡ-ಬಲದ ಗುರುತು ನೋಡಿ ಹಾಕಿ. ಬೆಲ್‌ಗೂ ಡಿಸ್ಕ್‌ಗೂ ಇರುವ ಬೋಲ್ಟ್‌ಗಳನ್ನು ಮುಟ್ಟಬೇಡಿ. ಕ್ಯಾಲಿಪರ್ ಎಡ-ಬಲ ಅದಲುಬದಲಾದರೆ ಬ್ಲೀಡ್ ನಿಪ್ಪಲ್ (ಫ್ಲೂಯಿಡ್‌ನಲ್ಲಿ ಸೇರಿದ ಗಾಳಿ ಹೊರಬಿಡುವ ತೂತು) ಕೆಳಗೆ ಬರುತ್ತದೆ, ಎಷ್ಟು ಪಂಪ್ ಮಾಡಿದರೂ ಗಾಳಿ ಹೋಗದು. ಹಿಂದೆ ಡಿಸ್ಕ್‌ನ ಒಳಗೆ ಹ್ಯಾಂಡ್‌ಬ್ರೇಕ್ ಶೂ ಇದೆ, ಅದನ್ನು ಹೊಸದಾಗಿ ಹೊಂದಿಸಬೇಕು. ಲೈನ್‌ನಲ್ಲಿ ಗಾಳಿ ಸೇರಿದ್ದರೆ ಬಿಎಂಡಬ್ಲ್ಯುನ ಸರ್ವಿಸ್ ಸಾಫ್ಟ್‌ವೇರ್ ಇಸ್ಟಾದಿಂದ ಎಬಿಎಸ್ ಪಂಪ್ ಓಡಿಸಿ ಬ್ಲೀಡ್ ಮಾಡಿಸಿ. ಕೊನೆಗೆ ವಾಹನದ ಆರ್ಡರ್‌ಗೆ (ಕಾರಿನಲ್ಲಿ ಏನೇನಿದೆ ಎಂದು ಅದರ ಕಂಪ್ಯೂಟರ್‌ನಲ್ಲಿರುವ ಪಟ್ಟಿ) ಸೆರಾಮಿಕ್ ಬ್ರೇಕ್‌ನ ಸಂಕೇತವಾದ 2ಎನ್‌ಕೆ ಎಂಬ ಆಯ್ಕೆ ಸೇರಿಸಿ, ಎಬಿಎಸ್ ಮತ್ತು ಸ್ಥಿರತೆ ನೋಡಿಕೊಳ್ಳುವ ಡಿಎಸ್‌ಸಿ ಘಟಕವನ್ನು ಕೋಡ್ ಮಾಡಿಸಬೇಕು. ಇದನ್ನು ಬಿಟ್ಟರೂ ಕಾರು ಓಡುತ್ತದೆ, ಆದರೆ ಎಬಿಎಸ್ ಹಳೆಯ ಬ್ರೇಕ್ ಇದೆಯೆಂದೇ ಲೆಕ್ಕ ಹಾಕುತ್ತಿರುತ್ತದೆ. ವಿಮೆ ಕಂಪನಿಗೂ ಬರೆದು ತಿಳಿಸಿ.

ಪ್ಯಾಡ್ ಹೊಸದಾದರೆ ಪಳಗಿಸಬೇಕು. ಪ್ಯಾಡ್ ತಯಾರಕರ ಹಾಳೆಯ ಕ್ರಮವೇ ಮೊದಲು. ಹಾಳೆ ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ ಗಂಟೆಗೆ 80ರಿಂದ 30 ಕಿಮೀಗೆ ಹತ್ತು ಸಲ ಮೆಲ್ಲಗೆ, ಆಮೇಲೆ 100ರಿಂದ 40ಕ್ಕೆ ಹತ್ತು ಸಲ ಸ್ವಲ್ಪ ಜೋರಾಗಿ, ನಡುವೆ ಅರ್ಧ ನಿಮಿಷ ಗಾಳಿ ಆಡಲು ಬಿಟ್ಟು. ಪೂರ್ತಿ ನಿಲ್ಲಿಸಬೇಡಿ. ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಅಚ್ಚು ಬಿದ್ದು ಸ್ಟಿಯರಿಂಗ್ ನಡುಗುತ್ತದೆ. ಮುಗಿದ ಮೇಲೆ ಹತ್ತು ನಿಮಿಷ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ.

ಮಳೆಯಲ್ಲಿ ಅಥವಾ ಕಾರು ತೊಳೆದ ಕೂಡಲೇ ಮೊದಲ ಬ್ರೇಕ್ ತಡವಾಗಿ ಹಿಡಿಯುತ್ತದೆ, ಹೊರಡುವಾಗ ಒಂದೆರಡು ಸಲ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ. ತಣ್ಣಗಿರುವಾಗ ಕಿರ್ ಅಂದರೆ ಗಾಬರಿ ಬೇಡ. ವೀಲ್‌ಗೆ ಆಸಿಡ್ ಕ್ಲೀನರ್ ಹಾಕಲು ಬಿಡಬೇಡಿ, ಟೈರ್ ಪಾಲಿಶ್ ಡಿಸ್ಕ್ ಮೇಲೆ ಹಾರದಂತೆ ನೋಡಿಕೊಳ್ಳಿ.

ಬಿಚ್ಚಿದ ಕಬ್ಬಿಣದ ಸೆಟ್ ಮಾರಬೇಡಿ. ಕ್ಯಾಲಿಪರ್‌ಗಳ ತೂತುಗಳಿಗೆ ಮುಚ್ಚಳ ಹಾಕಿ, ಡಿಸ್ಕ್‌ಗಳಿಗೆ ತೆಳುವಾಗಿ ಎಣ್ಣೆ ಸವರಿ ಸುತ್ತಿಡಿ. ಟ್ರ್ಯಾಕ್ ದಿನಕ್ಕೆ ಅದನ್ನೇ ಮರಳಿ ಹಾಕಿಸುವುದಾದರೆ ಡಿಸ್ಕ್‌ನ ಎಣ್ಣೆ ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೆಗೆದು, ಬ್ಲೀಡಿಂಗ್, ಕೋಡಿಂಗ್ ಎರಡನ್ನೂ ಪ್ರತಿ ಸಲ ಮಾಡಿಸಬೇಕಾಗುತ್ತದೆ.