ಮರಿ ಹಾಕುವ ಮುಂಚೆ ಮೇಕೆ ಮೇವು ಬಿಟ್ಟರೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹಾಲಿಗೆ ಅಂತ ಆರು ಮೇಕೆ ಸಾಕಿದ್ದೇವೆ. ಹೋದ ಮಳೆಗಾಲದಲ್ಲಿ ಅವಳಿ ಮರಿ ಹೊತ್ತಿದ್ದ ಮೇಕೆಯೊಂದು, ಇನ್ನು ಹತ್ತು ದಿನ ಇದೆ ಅನ್ನುವಾಗ ಮೇವು ಬಿಟ್ಟು ಮಲಗಿತು, ಏಳಲೇ ಇಲ್ಲ. ಬೆಲ್ಲದ ನೀರು ಕುಡಿಸಿದ್ದೆವು. ಈ ಸಲ ಮೊದಲೇ ಕೊಡಿ ಅಂತ ಅಂಗಡಿಯವರು ಒಂದು ಪುಡಿ, ಒಂದು ಬಾಟಲಿ ಟಾನಿಕ್ ಹೇಳುತ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಓದಿ ಬೇಜಾರಾಯಿತು. ನೀವು ಬರೆದದ್ದು ನೋಡಿದರೆ ಅದು ಗಬ್ಬದ ಕೀಟೋಸಿಸ್ ಇರಬಹುದು. ಮೇಕೆಯ ಗಬ್ಬ ಹೆಚ್ಚುಕಮ್ಮಿ 150 ದಿನ, ಆದರೆ ಮರಿ ಮುಕ್ಕಾಲು ಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಒಳಗೆ ಎರಡು ಮೂರು ಮರಿ ಇದ್ದರೆ ಮೇವಿಗೆ ಹೊಟ್ಟೆಯಲ್ಲಿ ಜಾಗ ಸಾಲುವುದಿಲ್ಲ. ತಿಂದದ್ದು ಸಾಲದೆ ಮೇಕೆ ಮೈಯ ಕೊಬ್ಬು ಕರಗಿಸುತ್ತದೆ, ಲಿವರಿಗೆ ಅದು ಹೊರೆಯಾಗಿ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ವಸ್ತು) ಏರುತ್ತದೆ, ಏರಿದ ಮೇಲೆ ಇದ್ದ ಹಸಿವೂ ಹೋಗುತ್ತದೆ. ತೀರಾ ಕೊಬ್ಬಿದ್ದಕ್ಕೂ ಬರುತ್ತದೆ, ಬಡಕಲಿಗೂ ಬರುತ್ತದೆ. ನಮ್ಮ ಕಡೆ ಮಳೆ ಹಿಡಿದರೆ ಮೇಕೆ ಹೊರಗೆ ಕಾಲಿಡುವುದಿಲ್ಲ, ನೆಂದ ಸೊಪ್ಪು ಮುಟ್ಟುವುದಿಲ್ಲ ಅಲ್ವಾ? ತುಂಬು ಗಬ್ಬದಲ್ಲಿ ಎರಡು ದಿನ ಅರೆಹೊಟ್ಟೆ ಇದ್ದರೂ ಅಪಾಯ.

ಬೆಲ್ಲ ಹೊಟ್ಟೆಯಲ್ಲೇ ಹುಳಿಯುತ್ತದೆ, ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜಾಸ್ತಿಯಾದರೆ ಅಜೀರ್ಣ ಬೇರೆ. ಪ್ರೊಪಿಲೀನ್ ಗ್ಲೈಕಾಲ್ ಹಾಗಲ್ಲ, ಅದನ್ನು ಲಿವರ್ ಸಕ್ಕರೆ ಮಾಡಿಕೊಳ್ಳುತ್ತದೆ. ಬಾಟಲಿ ಮೇಲೆ ಆ ಹೆಸರು ಇದೆಯಾ ನೋಡಿ. ದೊಡ್ಡ ಮೇಕೆಗೆ ಸಾಮಾನ್ಯವಾಗಿ 60 ಮಿಲಿ, ದಿನಕ್ಕೆ ಎರಡು ಸಲ, ಮೂರು ದಿನ ಕೊಡುತ್ತಾರೆ. ಆದರೆ ಅದು ಲಕ್ಷಣ ಕಂಡಾಗ, ಡಾಕ್ಟರನ್ನು ಕೇಳಿ ಕೊಡುವಂಥದ್ದು. ಸುಮ್ನೆ ದಿನಾ ಹುಯ್ದರೆ ಅದೇ ಅಮಲೇರಿಸಿ ತೂರಾಡಿಸುತ್ತದೆ. ಇನ್ನು ಪುಡಿ. ಅದರಲ್ಲಿ ಕೋಲೀನ್ (ಲಿವರಿನ ಕೊಬ್ಬು ಇಳಿಸಲು ನೆರವಾಗುವ ಪೋಷಕಾಂಶ) ಇದ್ದರೆ, ಹೊಟ್ಟೆಯಲ್ಲಿ ಕರಗದ ಹಾಗೆ ಲೇಪ ಕೊಟ್ಟದ್ದಾ ಕೇಳಿ. ಬರಿಯ ಕೋಲೀನ್ ಲಿವರ್ ತಲುಪುವ ಮುಂಚೆಯೇ ಬಹುಪಾಲು ಹಾಳಾಗುತ್ತದೆ. ಪುಡಿಯಲ್ಲಿ ಯೀಸ್ಟ್ ಇದ್ದರೆ ತಪ್ಪಲ್ಲ, ಆದರೆ ಇದಕ್ಕೆ ಮದ್ದೂ ಅಲ್ಲ.

ನನ್ನ ಮಾತು ಕೇಳಿದರೆ ಆ ದುಡ್ಡಲ್ಲಿ ಜೋಳದ ನುಚ್ಚು, ಹಿಂಡಿ ತನ್ನಿ. ಕೊನೆಯ ಆರು ವಾರ ದಿನಕ್ಕೆ 150 ಗ್ರಾಮಿಂದ ಶುರು ಮಾಡಿ, ನಿಧಾನಕ್ಕೆ 400 ಗ್ರಾಮಿಗೆ ಏರಿಸಿ, ಎರಡು ಹೊತ್ತು ಹಂಚಿ. ಒಮ್ಮೆಲೇ ಸುರಿಯಬೇಡಿ. ಮಳೆಗೆ ಮುಂಚೆ ಒಣಮೇವು ಅಟ್ಟಕ್ಕೇರಿಸಿ. ಹಲಸಿನ ಸೊಪ್ಪು ತಂದರೆ ನೀರು ಸೋರಿಸಿ ಕಟ್ಟಿ.

ಮತ್ತೆ ದಿನಾ ಬೆಳಿಗ್ಗೆ ನೋಡಿ. ನಮ್ಮ ಕೊಟ್ಟಿಗೆಯಲ್ಲಿ ಒಂದು ಮೇಕೆ ಸೊಪ್ಪಿನ ಹತ್ತಿರ ಬಂದು, ಮೂಸಿ, ಒಂದೇ ಎಲೆ ಕಚ್ಚಿ ಬಾಯಿಂದ ಬಿಟ್ಟಿತು. ಉಸಿರು ತೀರಾ ಮಾಗಿದ ಹಣ್ಣಿನ ವಾಸನೆ. ಅವತ್ತೇ ಡಾಕ್ಟರನ್ನು ಕರೆಸಿದ್ದಕ್ಕೆ ಉಳಿಯಿತು. ಮಲಗಿದ ಮೇಲೆ ಉಳಿಸುವುದು ಬಹಳ ಕಷ್ಟ. ಮೇವು ಬಿಟ್ಟ ದಿನವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮರಿ ಹಾಕಿದ ಮಾರನೇ ದಿನ ಮೇಕೆ ನಡುಗುತ್ತಿದೆ, ಕಿವಿ ತಣ್ಣಗಿದೆ. ಇದೂ ಕೀಟೋಸಿಸ್ಸಾ? (ಸಾಗರ)

ಉತ್ತರ: ಕ್ಯಾಲ್ಸಿಯಂ ಕಡಿಮೆ ಆಗಿರುವುದೇ ಹೆಚ್ಚು ಸಂಭವ, ಹಾಲುಜ್ವರ. ಹೆಸರು ಜ್ವರ, ಮೈ ಮಾತ್ರ ತಣ್ಣಗೆ. ಡಾಕ್ಟರ್ ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ. ಅವಸರ ಮಾಡಿದರೆ ಹೃದಯಕ್ಕೆ ಅಪಾಯ, ಹಾಗಾಗಿ ಆ ಇಂಜೆಕ್ಷನ್ ನೀವೇ ಹಾಕಬೇಡಿ. ಕತ್ತು ಎತ್ತಲಾರದ ಮೇಕೆಯ ಬಾಯಿಗೆ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಡಾಕ್ಟರ್ ಬರುವ ತನಕ ಗೋಣಿ ಹೊದಿಸಿ, ಎದೆ ಮೇಲೆ ನೆಟ್ಟಗೆ ಕೂರುವ ಹಾಗೆ ಎರಡೂ ಕಡೆ ಹುಲ್ಲಿನ ಹೊರೆ ಒತ್ತು ಕೊಡಿ.