ಎದುರಾಳಿ ಕಾಲೇಜು ತಂಡದ ಮುಂದಿನ ಋತುವನ್ನು ಅಭಿಮಾನಿಗಳು ಹೇಗೆ ಅಂದಾಜಿಸುತ್ತಾರೆ?

ಹೋದ ವರ್ಷದ ಗೆಲುವುಗಳಿಗಿಂತ, ಮರಳಿ ಬರುವವರು ಯಾರೆಂಬುದನ್ನು ನೋಡುತ್ತಾರೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರರು ವಿದ್ಯಾರ್ಥಿಗಳು. ಕೆಲವೇ ವರ್ಷ ಆಡಿ ಹೊರಡುತ್ತಾರೆ; ಕೆಲವರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ, ಕೆಲವರು ಬೇರೆ ಕಾಲೇಜಿಗೆ. ಹೆಸರು ಅದೇ, ತಂಡ ಬೇರೆ.

2023ರ ಋತುವಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ 15 ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆಯಿತು. ಆಮೇಲೆ ಕೋಚ್ ಜಿಮ್ ಹಾರ್ಬಾ, ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಇಬ್ಬರೂ ಎನ್‌ಎಫ್‌ಎಲ್ ಸೇರಿದರು. 2024ರಲ್ಲಿ ಮಿಷಿಗನ್ ಸೊರಗುತ್ತದೆ ಎಂದು ಲೆಕ್ಕ ಹಾಕಿದವರು ತಪ್ಪಿರಲಿಲ್ಲ: 8 ಗೆಲುವು, 5 ಸೋಲು. ಆದರೆ ರಕ್ಷಣಾ ಸಾಲಿನ ನಡುವಿನ ದೈತ್ಯರಾದ ಮೇಸನ್ ಗ್ರಹಾಂ, ಕೆನ್ನೆತ್ ಗ್ರಾಂಟ್ ಉಳಿದಿದ್ದರು. ನನಗೆ ಮುಖ್ಯವೆನಿಸುವುದು ಈ ಸಾಲೇ; ಅದು ಅಲುಗದಿದ್ದರೆ ಎದುರಾಳಿ ಓಡಲು ಜಾಗವೇ ಇರುವುದಿಲ್ಲ. 2024ರ ನವೆಂಬರ್ 30ರಂದು ಹಳೆಯ ಎದುರಾಳಿ ಓಹಿಯೋ ಸ್ಟೇಟ್ ತನ್ನದೇ ಅಂಗಳದಲ್ಲಿ ಮಿಷಿಗನ್‌ಗೆ 10–13ರಿಂದ ಸೋತಿತು.